ಎರಡು ಗಂಟಲಿನ ಭಟ್ಟಿ

ನಮ್ಮೂರಿನಲ್ಲಿ ಮನೆಯೊಡತಿಗೆ ನೆಗಡಿಯಾದರೆ ಆ ದಿನ ಮನೆಮಂದಿಗೆಲ್ಲ ಅವಲಕ್ಕಿ ಮೊಸರು. ಗಂಟಲು ಪೂರ್ತಿ ಕಟ್ಟಿಹೋದರೆ ಪಕ್ಕದ ಮನೆಯವರ ದಯೆ. ಇಲ್ಲಿ ಬೆಂಕಿಯನ್ನು ಯಾರೂ ಹಚ್ಚುವುದಿಲ್ಲ, ಕರೆಯುತ್ತಾರೆ. ಹೊಸ ಒಲೆ ಮೊದಲ ದಿನ ಯಾರ ದನಿಗೆ ಹೊತ್ತಿಕೊಂಡಿತೋ, ಆಮೇಲೆ ಅದಕ್ಕೆ ಅದೇ ದನಿ, ಅದೇ ಮಾತು, ಅದೇ ಎಳೆತ ಬೇಕು. ಹಾಗಾಗಿ ತಿಳಿದವರು ಮೊದಲ ದಿನ ಬಹಳ ಹುಷಾರಾಗಿರುತ್ತಾರೆ. ‘ಬಾರಪ್ಪ ಅಗ್ನಿದೇವ’ ಎಂದೋ ‘ಏಳು ಕಂದಾ’ ಎಂದೋ ಮುಂಚೆಯೇ ಮಾತು ಗೊತ್ತು ಮಾಡಿಕೊಂಡು, ಬೇರೆ ಯಾರೂ ಕೆಮ್ಮದಂತೆ ಬಾಗಿಲು ಹಾಕಿಕೊಂಡು ಕರೆಯುತ್ತಾರೆ. ಪೋಸ್ಟ್ ಮಾಸ್ತರರ ಹೆಂಡತಿ ಮಾತ್ರ ಕರೆಯಲು ಬಾಯಿ ತೆರೆದ ಹೊತ್ತಿಗೆ ಕಾಲ ಮೇಲೆ ಇಲಿ ಹಾದುಹೋಗಿ, ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಆರಕ್ಕೆ ‘ಅಯ್ಯಯ್ಯೋ ಇಲೀ!’ ಎಂದು ಕಿರುಚುತ್ತಾರೆ. ಆ ಬೀದಿಯವರು ಅದನ್ನು ಕೇಳಿ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ.

ನಾನು ತ್ಯಾಗರಾಜ, ಬಿ.ಎ. ಹೆಸರಿನಲ್ಲಿ ತ್ಯಾಗವಿದೆ, ರಾಜನೂ ಇದ್ದಾನೆ. ಇಬ್ಬರಿಗೂ ಪರಸ್ಪರ ಆಗಿಬರುವುದಿಲ್ಲ, ಹೆಚ್ಚಾಗಿ ಗೆಲ್ಲುವವನು ಎರಡನೆಯವನು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕು ಹಿಡಿದು ಮೂರು ದಿನ ರಜೆ ಘೋಷಿಸಿ, ನಾಲ್ಕನೆಯ ದಿನ ಅವರದೇ ದನಿಯಲ್ಲಿ ಅವರ ಎದುರಿಗೇ ಕ್ಷಮೆ ಕೇಳಿ, ಹದಿನೈದು ದಿನ ಹೊರಗೆ ಹಾಕಿಸಿಕೊಂಡವನು. ಕೇಳಿದ ದನಿಯನ್ನು ಗಂಟಲಿಗೆ ಭಟ್ಟಿ ಇಳಿಸುವುದು ನನಗೆ ಹುಟ್ಟಿನಿಂದ ಬಂದದ್ದು. ಅನ್ನಕ್ಕೆ ಹಿಡಿದದ್ದೂ ಭಟ್ಟಿಯನ್ನೇ. ಅಪ್ಪನ ಸೌದೆ ಡಿಪೋ ಇದ್ದ ಜಾಗದಲ್ಲಿ ನಾನೂ ನನ್ನ ಹೆಂಡತಿ ಮಂದಾಕಿನಿಯೂ ಸೇರಿ ಬೇಕರಿ ಹಾಕಿದೆವು. ಜಾಗ ನಮ್ಮದು, ಕೈಹದ ಅವಳ ತಾಯಿಯದು. ಬನ್ನು ಮಾರಿ ಬನ್ನಪಟ್ಟ ಮೊದಲ ಮನುಷ್ಯ ನಾನೇ ಇರಬೇಕು. ಆದರೆ ಆ ಮಾತು ಆಮೇಲೆ.

ಭಟ್ಟಿಗೆ ಬೆಂಕಿ ಬಂದ ದಿನವನ್ನು ಹೇಳಿಬಿಡುತ್ತೇನೆ, ಕಥೆಯೆಲ್ಲ ಅಲ್ಲೇ ಇದೆ. ಮದುವೆಯಾಗಿ ಎರಡು ತಿಂಗಳಾಗಿತ್ತು. ನನಗೆ ಇಪ್ಪತ್ತಾರು. ಹೊಸ ಇಟ್ಟಿಗೆಯ ಭಟ್ಟಿ, ಒಳಗೆ ಒಣ ಸೌದೆ, ಮುಂದೆ ನೆಂಟರಿಷ್ಟರು. ನಾನು ಕರೆಯಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಂದಾ ಒಳಗೆ ಹಿಟ್ಟು ನಾದುತ್ತಿದ್ದಳು, ಪಕ್ಕದಲ್ಲಿ ಬಂದು ನಿಂತುಕೊಳ್ಳಲಿ ಎಂದು ನಾನು ಭಟ್ಟಿಯ ಬಾಯಿಯ ಹತ್ತಿರದಿಂದಲೇ ಕೂಗಿದೆ: “ಬಾರೆ ಬಂಗಾರ, ಒಂದ್ಸಲ ಇಲ್ಲಿ.” ಒಳಗಿನಿಂದ ಅವಳು, “ಬಂದೆ ಇರ್ರೀ, ಕೈಯೆಲ್ಲಾ ಹಿಟ್ಟು!” ಎಂದಳು. ಎಂದವಳು, ಅಷ್ಟು ಜನರ ಮುಂದೆ ಗಂಡ ಬಂಗಾರ ಎಂದುಬಿಟ್ಟನಲ್ಲ ಎಂಬ ನಾಚಿಕೆಗೆ ಕೊನೆಯಲ್ಲಿ ಸಣ್ಣದೊಂದು ನಗೆ ನಕ್ಕಳು. ಅಷ್ಟೇ. ಭಟ್ಟಿ ಭುಗ್ಗೆಂದು ಹೊತ್ತಿಕೊಂಡಿತು. ಜೇಬಿನ ಚೀಟಿ ಜೇಬಿನಲ್ಲೇ ಉಳಿಯಿತು.

ಹೀಗೆ ನಮ್ಮ ಭಟ್ಟಿಗೆ ಎರಡು ಗಂಟಲು. ದಿನಾ ಬೆಳಗ್ಗೆ ಐದೂವರೆಗೆ ನಾನು ಅವಳನ್ನು ಬಂಗಾರವೆಂದು ಕರೆಯಬೇಕು, ಅವಳು ಬಂದೆ ಇರಿ ಎಂದು ನಗಬೇಕು. ಊರವರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡರು, ಆ ಉರಿಯಲ್ಲಿ ನಮ್ಮ ರಸ್ಕು ಇನ್ನೂ ಚೆನ್ನಾಗಿ ಗರಿಯಾಯಿತು. ನಮ್ಮ ಭಟ್ಟಿ ಮಾಸ್ಟರ್ ದೊರೆಸ್ವಾಮಿ, ನಾವು ಕೆಲಸಕ್ಕೆ ತಂದಾಗಲೇ ತಲೆ ನರೆತಿದ್ದ ಮನುಷ್ಯ, ಗಿರಾಕಿಗಳಿಗೆ ಹೇಳುತ್ತಿದ್ದರು: “ನಮ್ ಬ್ರೆಡ್ಡು ಅದ್ಯಾಕೆ ಅಷ್ಟು ಮೆತ್ಗೆ ಅಂತೀರಾ? ದಿನಾ ಒಂದ್ ಮದ್ವೆ ಆಗುತ್ತೆ ಸ್ವಾಮಿ ಅದ್ರ ಮುಂದೆ.”

ಗಲ್ಲಾದ ಹಿಂದೆ ಕೂತವನು ನಾನು. ಬೇಕರಿಗೆ ಬಂದವರಿಗೆ ಬನ್ನಿನ ಜೊತೆ ಒಂದು ದನಿ ಪುಕ್ಕಟೆ. ಪುರಸಭೆ ಅಧ್ಯಕ್ಷರು ಉಗುಳು ನುಂಗಿ ಭಾಷಣ ಮಾಡುವ ಹಾಗೆ, ಪೋಸ್ಟ್ ಮಾಸ್ತರರ ಮನೆಯ ಇಲಿಯ ಅಮ್ಮನ ಹಾಗೆ, ದೊರೆಸ್ವಾಮಿಯ ಹಾಗೆ. ಒಂದು ದಿನ ಗಿರಾಕಿಯೊಬ್ಬರು, “ಮನೆಯವ್ರದ್ದು ಮಾಡಿ ನೋಡೋಣ ತ್ಯಾಗಣ್ಣ” ಎಂದರು. ಮಾಡಿದೆ. ಮಂದಾ ಮಾತಿನ ಕೊನೆಯಲ್ಲಿ ದನಿಯನ್ನು ಸ್ವಲ್ಪ ಮೂಗಿಗೆ ಏರಿಸುತ್ತಾಳೆ, ಎಳ್ಳಿನಷ್ಟು. ನಾನು ಅದನ್ನು ಎಳ್ಳಿನಿಂದ ಕಡಲೆಯಷ್ಟು ಮಾಡಿದೆ. ಬೇಕರಿ ಬಿದ್ದು ಬಿದ್ದು ನಕ್ಕಿತು. ಮಿಮಿಕ್ರಿಯಲ್ಲಿ ಇದೇ ಗುಟ್ಟು: ಇದ್ದದ್ದನ್ನು ಇದ್ದಷ್ಟೇ ಮಾಡಿದರೆ ಜನ ತಲೆಯಾಡಿಸುತ್ತಾರೆ, ಒಂದು ಚಿಟಿಕೆ ಹೆಚ್ಚು ಹಾಕಿದರೆ ನಗುತ್ತಾರೆ. ತಲೆಯಾಡಿಸುವ ಜನ ಯಾರಿಗೆ ಬೇಕು? ಆಮೇಲೆ ಅದು ದಿನದ ಐಟಂ ಆಯಿತು. ಗೋಡೆಯ ಆಚೆ ಅವಳು ಟ್ರೇಗಳಿಗೆ ಎಣ್ಣೆ ಸವರುತ್ತಾ ತನ್ನ ದನಿ ತನಗೇ ಹೊರಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಮೊದಮೊದಲು, “ಸಾಕು ಮಾಡ್ರೀ, ನಾನೇನು ಹಾಗಾ ಮಾತಾಡೋದು?” ಎನ್ನುತ್ತಿದ್ದಳು. ಅದನ್ನೂ ಅದೇ ದನಿಯಲ್ಲಿ ತಿರುಗಿಸಿ ಹೇಳುತ್ತಿದ್ದೆ. ಕ್ರಮೇಣ ಅವಳು ಮಾತು ಕಡಿಮೆ ಮಾಡಿದಳು. ನಾನು ಸರಕು ಕಡಿಮೆಯಾಯಿತಲ್ಲ ಎಂದುಕೊಂಡೆನೇ ಹೊರತು ಬೇರೇನನ್ನೂ ಯೋಚಿಸಲಿಲ್ಲ.

ಅವಳ ತಾಯಿ ತೀರಿಕೊಂಡರು. ನಮ್ಮೂರಿನಲ್ಲಿ ಸತ್ತವರ ಒಲೆಯನ್ನು ಹನ್ನೊಂದು ದಿನ ತಣ್ಣಗೆ ಬಿಡಬೇಕು. ಅದು ಅವರ ದನಿಯನ್ನು ಮರೆಯಬೇಕು. ಹನ್ನೆರಡನೆಯ ದಿನ ಮಗಳೋ ಸೊಸೆಯೋ ಹೊಸದಾಗಿ ಕರೆದರೆ ಬರುತ್ತದೆ. ಅಲ್ಲಿಯವರೆಗೆ ಒಲೆಯ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಸತ್ತವರ ಹೆಸರನ್ನೂ ಎತ್ತುವುದಿಲ್ಲ. ಒಂಬತ್ತನೆಯ ದಿನ ಅತ್ತೆಯ ಮನೆಯಲ್ಲಿ ಇಪ್ಪತ್ತು ಜನ ನೆಂಟರು ತಣ್ಣನೆಯ ಪಾನಕ ಕುಡಿದು ಕುಡಿದು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಯಾರೋ ಹಿರಿಯರು, “ಒಂದ್ ತೊಟ್ಟು ಕಾಫಿ ಸಿಕ್ಕಿದ್ರೆ ಜೀವ ಬರ್ತಿತ್ತಪ್ಪ” ಎಂದರು. ನಾನು ಅಡುಗೆಮನೆಗೆ ಹೋದೆ. ಅತ್ತೆಯವರ ದನಿ ನನಗೆ ಹನ್ನೊಂದು ವರ್ಷದಿಂದ ಗೊತ್ತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಉಬ್ಬಸದ ಉಸಿರೆಳೆದು, “ಬಾಪ್ಪಾ ಮರಿ, ಹೊತ್ತಾಯ್ತು” ಎಂದೆ. ಒಲೆ ಒಂದು ಕ್ಷಣವೂ ಯೋಚಿಸಲಿಲ್ಲ.

ನೆಂಟರು ನಗುತ್ತಾರೆ, ಇಲ್ಲವೇ ಬೈದು ಕಾಫಿ ಕುಡಿಯುತ್ತಾರೆ ಎಂದುಕೊಂಡಿದ್ದೆ. ಮೊದಲು ಓಡಿಬಂದವಳು ಮಂದಾ. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಕೈಯಲ್ಲಿ ತೆಂಗಿನ ನಾರು, “ಅಮ್ಮಾ” ಎಂದು ಕೂಗುತ್ತಾ ಬಂದಳು. ಉರಿಯುತ್ತಿರುವ ಒಲೆ ನೋಡಿದಳು. ನನ್ನನ್ನು ನೋಡಿದಳು. ನನ್ನ ಮುಖದ ಮೇಲೆ ಇನ್ನೂ ಆ ಐಟಂ ಗೆದ್ದಾಗಿನ ಕಳೆ ಇದ್ದಿರಬೇಕು. ಅವಳು ಬಿಂದಿಗೆ ಎತ್ತಿ ಒಲೆಗೆ ನೀರು ಹೊಯ್ದಳು.

ಹನ್ನೆರಡನೆಯ ದಿನ ಅವಳು ಕರೆದಾಗ ಆ ಒಲೆ ಬರಲಿಲ್ಲ. ಹದಿಮೂರಕ್ಕೂ ಬರಲಿಲ್ಲ. ಒಂಬತ್ತನೆಯ ದಿನ ಅದಕ್ಕೆ ಯಜಮಾನಿ ಬದುಕಿದ್ದಾಳೆ ಎಂದು ನಾನು ಹೇಳಿಬಿಟ್ಟಿದ್ದೆನಲ್ಲ, ಅದು ಕಾಯುತ್ತಾ ಕೂತಿತು. ತಿಂಗಳಾದರೂ ಅಷ್ಟೇ. ಮಂದಾ ಬಹಳ ಅತ್ತದ್ದನ್ನು ನೋಡಿ, ಸಮಾಧಾನ ಮಾಡೋಣವೆಂದು ನಾನೊಂದು ಮಾತು ಹೇಳಿದೆ. ನಿಜವಾಗಿ ಸಮಾಧಾನಕ್ಕೇ ಹೇಳಿದ್ದು.

“ಅದಕ್ಯಾಕೆ ಅಷ್ಟು ಅಳ್ತೀಯೇ? ಬೇಕಾದ್ರೆ ನಾನೇ ದಿನಾ ಬಂದು ನಿಮ್ಮಮ್ಮನ ದನೀಲಿ ಕರೆದುಕೊಟ್ಟು ಹೋಗ್ತೀನಿ.”

ಅವಳು ಅಳು ನಿಲ್ಲಿಸಿದಳು. “ಎಷ್ಟು ಒಳ್ಳೇವ್ರು ನೀವು” ಎಂದಳು. ಮರುದಿನ ತಾಯಿಯ ಮನೆಗೆ ಹೋದವಳು ಅಲ್ಲೇ ಉಳಿದಳು, ಅದೇ ತಣ್ಣನೆಯ ಒಲೆಯ ಪಕ್ಕ. ನಮ್ಮ ಮನೆಯ ಒಲೆ ನನ್ನ ತಾಯಿ ಅವಳಿಗೆ ಕಲಿಸಿಕೊಟ್ಟದ್ದು. ಅದೂ ಅವಳ ಜೊತೆಗೇ ಆರಿತು. ಅವಳ ದನಿ ಮಾಡಿ ಕರೆದೆ, ಬಾಯಿಗೆ ಬಂದದ್ದು ಬೇಕರಿಯ ಐಟಂ, ಒಲೆ ಅಲ್ಲಾಡಲಿಲ್ಲ. ಹದಿನೈದು ದಿನಕ್ಕೆ ಕೋರ್ಟಿನಿಂದ ಕಾಗದ ಬಂತು.

ಬೇಕರಿ ಪಾಲು ಮಾಡಲು ಕೋರ್ಟು ತನ್ನ ಅಮೀನ ಜಂಬಣ್ಣನವರನ್ನು ಕಳಿಸಿತು. ಸಣಕಲು ಆಳು, ಕಿವಿಯಲ್ಲಿ ಬೀಗದ ಕೈ ಆಡಿಸುತ್ತಾ ಕೂತರೆ ಬ್ರಹ್ಮಾಂಡಕ್ಕೇ ಬೀಗ ತೆಗೆಯುವ ಹಾಗೆ ಕಾಣುತ್ತಿದ್ದರು. ಟ್ರೇ, ಅಚ್ಚು, ಗಾಜಿನ ಭರಣಿ, ಕೇಕಿಗೆ ಹೂ ಬಿಡಿಸುವ ಕೊಳವೆ, ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಚೌಕದ ಅಚ್ಚುಗಳು ನನಗೆ, ದುಂಡನೆಯವು ಅವಳಿಗೆ. ಕಾಯಿ ತುಂಬಿದ ದಿಲ್‌ಪಸಂದಿನ ಹದ ಅವಳ ತಾಯಿಯದು, ಅವಳಿಗೆ. “ದಿಲ್‌ಗೇ ಪಸಂದಿಲ್ಲದ ಮೇಲೆ ನನಗ್ಯಾಕೆ ಬಿಡಿ ಸಾರ್” ಎಂದೆ. ಜಂಬಣ್ಣನವರು ನಗಲಿಲ್ಲ, ಬರೆದುಕೊಂಡರು.

“ಭಟ್ಟಿ?” ಎಂದರು.

ಇಬ್ಬರೂ ಒಟ್ಟಿಗೇ, “ನನಗೆ” ಎಂದೆವು. ಎಷ್ಟೋ ತಿಂಗಳ ನಂತರ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಬಿಡುವಂತಿರಲಿಲ್ಲ, ಅವಳಿಗೂ ನನಗೂ. ಹೊಸ ಒಲೆ ಕಟ್ಟಿ ಹೊತ್ತಿಸುವ ಯೋಗ ಒಂದು ಗಂಟಲಿಗೆ ಒಂದೇ ಸಲ. ನಮ್ಮಿಬ್ಬರದೂ ಆ ಭಟ್ಟಿಯಲ್ಲೇ ಖರ್ಚಾಗಿತ್ತು. ಹಳೆಯ ಒಲೆ ಕಲಿಯಬೇಕಾದರೆ ಬಲ್ಲವರು ಪಕ್ಕದಲ್ಲಿ ನಿಂತು ಒಂದೂವರೆ ತಿಂಗಳು ಕಲಿಸಬೇಕು. ನನಗೆ ಕಲಿಸಬೇಕಾದವಳು ಮಂದಾ, ಅವಳಿಗೆ ಕಲಿಸಬೇಕಾದವರು ಸತ್ತಿದ್ದರು. ಭಟ್ಟಿ ಕೈತಪ್ಪಿದವರು ಬೆಂಕಿಯಿಲ್ಲದವರು. ನಮ್ಮೂರಿನಲ್ಲಿ ಬೆಂಕಿಯಿಲ್ಲದವರಿಗೆ ಯಾರೂ ಕೇಡು ಬಗೆಯುವುದಿಲ್ಲ, ದಿನಾ ಒಂದೊಂದು ಮನೆಯವರು ಬಿಸಿಬಿಸಿ ಊಟ ಕಳಿಸುತ್ತಾರೆ. ಅದೇ ಭಯ.

ಜಂಬಣ್ಣನವರು ನಿಯಮ ಓದಿದರು. ಆರು ತಿಂಗಳ ನಂತರ ಪರೀಕ್ಷೆ. ಊರವರ ಎದುರಿಗೆ ಒಬ್ಬೊಬ್ಬರೇ ಮೂರು ಸಲ ಕರೆಯಬೇಕು. ಒಂದೇ ಬಾಯಿಗೆ ಯಾರಿಗೆ ಬರುತ್ತದೋ ಭಟ್ಟಿ, ಅಂಗಡಿ, ಬೋರ್ಡು ಅವರದು. ಯಾರಿಗೂ ಬರದಿದ್ದರೆ ಒಡೆದು ಇಟ್ಟಿಗೆ ಪಾಲು. ಅಲ್ಲಿಯವರೆಗೆ ಊರಿಗೆ ಬ್ರೆಡ್ಡು ನಿಲ್ಲಕೂಡದು, ಇಬ್ಬರೂ ದಿನಾ ಬಂದು ಭಟ್ಟಿ ಕರೆಯತಕ್ಕದ್ದು.

ಆ ಆರು ತಿಂಗಳು ಹೇಗಿತ್ತು ಎಂದರೆ ಏನು ಹೇಳಲಿ. ಐದೂವರೆಗೆ ಅವಳು ಹಿಂದಿನ ಬಾಗಿಲಿನಿಂದ ಬರುತ್ತಿದ್ದಳು, ನಾನು ಮುಂದಿನಿಂದ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದೊರೆಸ್ವಾಮಿ ಸೌದೆ ಜೋಡಿಸಿ, ಸಾವಿನ ಮನೆಯವರ ಹಾಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನಾನು ಭಟ್ಟಿಯ ಬಾಯಿಗೆ, “ಬಾರೆ ಬಂಗಾರ, ಒಂದ್ಸಲ ಇಲ್ಲಿ” ಎನ್ನುತ್ತಿದ್ದೆ. ಅವಳು ಗೋಡೆಗೆ, “ಬಂದೆ ಇರ್ರೀ, ಕೈಯೆಲ್ಲಾ ಹಿಟ್ಟು” ಎನ್ನುತ್ತಿದ್ದಳು. ಮಾತು ಒಣಗಿದ್ದರೆ ಭಟ್ಟಿ ಅಲ್ಲಾಡುತ್ತಿರಲಿಲ್ಲ. ಮತ್ತೆ ಹೇಳಬೇಕು, ಪ್ರೀತಿಯಿಂದ ಹೇಳಬೇಕು. ನನಗೇನೂ ಕಷ್ಟವಿರಲಿಲ್ಲ. ಇಪ್ಪತ್ತಾರರ ತ್ಯಾಗರಾಜನ ಮಿಮಿಕ್ರಿ ಮಾಡುತ್ತಿದ್ದೆ, ಅಷ್ಟೆ. ಅವಳಿಗೆ ಆ ಕೊನೆಯ ನಗು ಬರುತ್ತಿರಲಿಲ್ಲ. ನಾಲ್ಕು ಸಲ, ಐದು ಸಲ. ಒಂದು ದಿನ ಕಣ್ಣು ಮುಚ್ಚಿಕೊಂಡು, ಸೆರಗನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಕ್ಕಳು. ಭಟ್ಟಿ ಹೊತ್ತಿತು. ಅವಳು ಹಿತ್ತಿಲಿಗೆ ಹೋಗಿ ವಾಂತಿ ಮಾಡಿದಳು.

ದೊರೆಸ್ವಾಮಿಗೆ ತಡೆಯಲಿಲ್ಲ. “ಅಮ್ಮಾ, ಯಾಕಿದೆಲ್ಲ? ಇಬ್ರೂ ಬೆಳಗ್ಗೆ ಬಂದು ಒಂದೊಂದ್ ಮಾತು ಹೇಳಿ ಹೋಗ್ಬಿಡಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ. ಪರೀಕ್ಷೆಗಿರೀಕ್ಷೆ ಯಾಕೆ? ಒಂದೇ ಒಂದ್ ಮಾತಲ್ವಾ?”

“ಆ ಒಂದು ಮಾತೇ ಮಾಸ್ಟ್ರೇ ಆಗ್ತಿಲ್ಲ” ಎಂದಳು ಮಂದಾ, ಬಾಯಿ ಒರೆಸಿಕೊಳ್ಳುತ್ತಾ. “ಹಿಟ್ಟು ಅಂದ್ರೆ ಕೈ ನೋಡ್ಕೋತೀನಿ. ಕೈಯಲ್ಲಿ ಹಿಟ್ಟೇ ಇರಲ್ಲ.”

ಐದನೆಯ ತಿಂಗಳಲ್ಲಿ ಒಂದು ದಿನ ಅವಳು ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಕಳಿಸಿದ್ದಳು. ದೊರೆಸ್ವಾಮಿ ಅವಳನ್ನು ನೋಡಿಬರಲು ಹೋದರು. ಬೇಕರಿಯಲ್ಲಿ ನಾನೊಬ್ಬನೇ. ತಣ್ಣನೆಯ ಭಟ್ಟಿಯ ಮುಂದೆ ಕೂತಿದ್ದೆ. ನಗಿಸಲು ಯಾರೂ ಇರಲಿಲ್ಲ. ಹಾಗೇ ಬಾಯಿಗೆ ಬಂತು, ಬಾರೆ ಬಂಗಾರ ಎಂದೆ. ಉತ್ತರಕ್ಕೆ ಕಾದೆ. ಬರುವುದಿಲ್ಲವಲ್ಲ, ಅವಳ ಪಾಲಿನದನ್ನೂ ನಾನೇ ಹೇಳಿದೆ. ಮೂಗಿಗೆ ಏರಿಸಲಿಲ್ಲ, ಏನೂ ಸೇರಿಸಲಿಲ್ಲ, ಕೇಳಿದ್ದು ಕೇಳಿದ ಹಾಗೆ. ಕೊನೆಯ ಸಣ್ಣ ನಗುವನ್ನೂ ನಕ್ಕೆ. ಭಟ್ಟಿ ಭುಗ್ಗೆಂದಿತು.

ಆ ಉರಿಯಲ್ಲಿ ನಾನು ಕಂಡದ್ದು ಏನು? ನನ್ನ ಗಂಟಲಿನಲ್ಲಿ ಅವಳ ನಗು ಇನ್ನೂ ಇತ್ತು, ಅದು ಇಳಿಯುವ ಮೊದಲೇ ನನಗೆ ಹೊಳೆದದ್ದು: ಗೆದ್ದೆ! ಒಂದೇ ಬಾಯಿ ಎಂದು ನಿಯಮ, ಒಂದೇ ದನಿ ಎಂದಲ್ಲ. ಜಂಬಣ್ಣನವರ ಹತ್ತಿರ ಸುತ್ತಿ ಬಳಸಿ ಕೇಳಿ ಖಾತ್ರಿ ಮಾಡಿಕೊಂಡೆ. “ಒಂದು ಬಾಯಿಂದ ಏನೇ ಬರಲಿ, ಬರಬಹುದು” ಎಂದರು, ಬೀಗದ ಕೈಯನ್ನು ಇನ್ನೊಂದು ಕಿವಿಗೆ ಬದಲಿಸುತ್ತಾ. ಮಂದಾಳಿಗೆ ನನ್ನ ದನಿ ಎಲ್ಲಿಂದ ಬರಬೇಕು? ಹನ್ನೊಂದು ವರ್ಷದಲ್ಲಿ ಅವಳು ಒಂದು ಬೆಕ್ಕಿನ ಮಿಮಿಕ್ರಿಯನ್ನೂ ಮಾಡಿದವಳಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಎಂಟಕ್ಕೇ ಬೇಕರಿಯ ಮುಂದೆ ಜನ. ಭಟ್ಟಿಯ ಕಾವಿನ ಕೋಣೆಗೆ ಹೊಂದಿಕೊಂಡ ಗೋಡೆಯ ದೊಡ್ಡ ಕಿಟಕಿ ತೆಗೆಸಿದ್ದರು, ಎಲ್ಲರಿಗೂ ಕಾಣಲೆಂದು. ಪೋಸ್ಟ್ ಮಾಸ್ತರರ ಹೆಂಡತಿ ಮುಂದಿನ ಸಾಲಿನಲ್ಲಿ. ಸೌದೆಯನ್ನು ಜಂಬಣ್ಣನವರೇ ತಂದು ಜೋಡಿಸಿದರು. “ಯಾರು ಮೊದಲು?” ಎಂದರು. “ನಾನು” ಎಂದೆ. ರಾಜ ಮುಂದೆ ಬಂದಿದ್ದ, ತ್ಯಾಗ ಅಂದು ರಜೆ.

“ಬಾರೆ ಬಂಗಾರ, ಒಂದ್ಸಲ ಇಲ್ಲಿ.” ನನ್ನದು ಸರಿಯಾಗಿಯೇ ಬಂತು. ಆಮೇಲೆ ಅವಳದನ್ನು ಎತ್ತಿದೆ. “ಬಂದೆ ಇರ್ರೀ” ಎಂದದ್ದೇ ತಡ, ಕಿಟಕಿಯಾಚೆ ಒಂದು ನಗೆ ಸಿಡಿಯಿತು. ಬೇಕರಿಯಲ್ಲಿ ಎಷ್ಟೋ ವರ್ಷ ಕೇಳಿ ನಕ್ಕವರು, ಹಳೆಯ ಐಟಂ ಶುರುವಾಯಿತು ಎಂದುಕೊಂಡರು. ನಗು ಕೇಳಿದರೆ ನನ್ನ ಗಂಟಲಿಗೆ ಕಡಿವಾಣವಿಲ್ಲ. ‘ಕೈಯೆಲ್ಲಾ ಹಿಟ್ಟು’ ಎನ್ನುವಾಗ ನನಗೆ ಗೊತ್ತಿಲ್ಲದೆ ಅದು ಮೂಗಿಗೆ ಏರಿತು, ಕಡಲೆಯಷ್ಟು. ಜನ ಹೋ ಎಂದರು. ಭಟ್ಟಿಯಲ್ಲಿ ಒಂದು ಕಿಡಿಯೂ ಇಲ್ಲ.

ಎರಡನೆಯ ಸಲ ನೆಟ್ಟಗೆ ಮಾಡಬೇಕೆಂದು ಹಲ್ಲು ಕಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಜನ ನಗಲು ತಯಾರಾಗಿ ಕೂತಿದ್ದರು. ಅವಳ ದನಿ ಎಂದು ನನ್ನ ಗಂಟಲಿನಿಂದ ಹೊರಗೆ ಬಂದದ್ದು ನಾನು ಮಾಡಿ ಮಾರಿದ ಗೊಂಬೆಯ ದನಿ. ಎಳ್ಳಿನಷ್ಟಿದ್ದ ಆ ಮಂದಾ ಎಲ್ಲಿ ಹೋದಳೋ, ತಡಕಿದರೂ ಸಿಗಲಿಲ್ಲ. ಮೂರನೆಯ ಸಲ ಬಂಗಾರ ಎನ್ನುವಲ್ಲೇ ಗಂಟಲು ಒಣಗಿ ಕೆಮ್ಮು ಬಂತು. ಅದಕ್ಕೂ ನಕ್ಕರು.

“ಆಯಿತು” ಎಂದು ಜಂಬಣ್ಣನವರು ಬರೆದುಕೊಂಡರು. “ಇನ್ನು ನೀವಮ್ಮ.”

ಮಂದಾ ಭಟ್ಟಿಯ ಮುಂದೆ ಬಂದಳು. ಅವತ್ತು ನಾನು ಅವಳನ್ನು ಸರಿಯಾಗಿ ನೋಡಿದೆ. ಸೊರಗಿದ್ದಳು. ಮೊಣಕೈಯವರೆಗೂ ಹಿಟ್ಟು. ಬರುವ ಮುಂಚೆ ನಿಜವಾಗಿಯೂ ಹಿಟ್ಟು ನಾದಿ ಬಂದಿದ್ದಳು.

“ನಿಮ್ಮ ಮಾತು ಎರಡನೇದು. ಮೊದಲನೇದು ಹೇಗೆ ಮಾಡ್ತೀರಿ? ನಿಮಗೂ ಮಿಮಿಕ್ರಿ ಬರುತ್ತಾ?” ಎಂದರು ಜಂಬಣ್ಣನವರು.

“ಬರಲ್ಲ ಸಾರ್” ಎಂದಳು. “ನೆನಪು ಮಾಡ್ಕೋತೀನಿ.”

ಜನ ಮತ್ತೆ ನಗಲು ಹೊರಟವರು ಯಾಕೋ ನಿಲ್ಲಿಸಿದರು. ಅವಳು ಭಟ್ಟಿಯ ಬಾಯಿಯ ಹತ್ತಿರ ಸ್ವಲ್ಪ ಬಗ್ಗಿ, “ಬಾರೆ” ಎಂದಳು. ಗಂಡಸಿನ ದನಿಯೇನಲ್ಲ, ಅವಳದೇ ದನಿ, ಆದರೆ ಒಳಗೆ ನಾನಿದ್ದೆ. ‘ಬಾರೆ’ ಆದ ಮೇಲೆ ಒಂದು ಸಣ್ಣ ತಡೆ, ಉಗುಳು ನುಂಗಿದ ಹಾಗೆ. ಆಮೇಲೆ “ಬಂಗಾರ”, ಅರ್ಧ ದನಿಯಲ್ಲಿ. ಆಗ ನನಗೆ ನೆನಪಾಯಿತು. ಅಷ್ಟು ಜನರ ಮುಂದೆ ಆ ಮಾತನ್ನು ಹೇಳಲು ಇಪ್ಪತ್ತಾರರ ಹುಡುಗನಿಗೆ ನಾಚಿಕೆಯಾಗಿತ್ತು, ಮಾತು ಗಂಟಲಿನಲ್ಲಿ ಒಂದು ಕ್ಷಣ ಸಿಕ್ಕಿಕೊಂಡಿತ್ತು. ಆರು ತಿಂಗಳು ದಿನಾ ನನ್ನದೇ ಮಿಮಿಕ್ರಿ ಮಾಡಿದೆನಲ್ಲ, ಆ ತಡೆಯನ್ನು ನಾನು ಒಂದು ಸಲವೂ ಮಾಡಿರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ. ಅವಳು ಇಟ್ಟುಕೊಂಡಿದ್ದಳು.

“ಒಂದ್ಸಲ ಇಲ್ಲಿ” ಎಂದಳು. ಆಮೇಲೆ ನೆಟ್ಟಗೆ ನಿಂತು, ತನ್ನ ಕೈ ನೋಡಿಕೊಂಡು, “ಬಂದೆ ಇರ್ರೀ, ಕೈಯೆಲ್ಲಾ ಹಿಟ್ಟು” ಎಂದಳು. ಆ ನಗುವೂ ಬಂತು, ಕರೆಯದೆ ಬಂದ ಹಾಗೆ. ಎರಡನೆಯ ಸಲ ಕರೆಯಬೇಕಾಗಲಿಲ್ಲ. ಉರಿ ಭಟ್ಟಿಯ ಬಾಯಿಂದ ಒಂದು ಗೇಣು ಆಚೆ ಬಂದು ಜಂಬಣ್ಣನವರ ಹುಬ್ಬು ಸುಟ್ಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಲಿಯ ಅಮ್ಮ ಕಣ್ಣೊರೆಸಿಕೊಂಡರು. ದೊರೆಸ್ವಾಮಿ ಒಳಗೆ ಹೋಗಿ ಟ್ರೇ ಎತ್ತಿಕೊಂಡು ಬಂದರು.

ಹೊರಗೆ ಬರುವಾಗ ಅವಳಿಗೆ ಏನಾದರೂ ಹೇಳಬೇಕೆನ್ನಿಸಿತು. “ಪರವಾಗಿಲ್ವೇ, ನನ್ನನ್ನ ನನಗಿಂತ ಚೆನ್ನಾಗಿ ಮಾಡ್ತೀಯ” ಎಂದೆ.

“ಅದು ನೀವಲ್ಲ” ಎಂದಳು ಮಂದಾ.

ಈಗ ಎರಡು ವರ್ಷ. ಬೇಕರಿಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಚೌಕದ ಅಚ್ಚುಗಳು ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿವೆ. ಊರವರು ಒಳ್ಳೆಯವರು, ವಾರದ ಲೆಕ್ಕದಲ್ಲಿ ಊಟ ಕಳಿಸುತ್ತಾರೆ. ಸೋಮವಾರ ಪೋಸ್ಟ್ ಮಾಸ್ತರರ ಮನೆಯದು. ತಟ್ಟೆ ವಾಪಸು ಕೊಡುವಾಗ ಒಂದು ದನಿ ಮಾಡಿ ತೋರಿಸುತ್ತೇನೆ, ನಗುತ್ತಾರೆ. ಇಡೀ ಊರು ನನ್ನ ಗಂಟಲಿನಲ್ಲಿದೆ, ಇಬ್ಬರನ್ನು ಬಿಟ್ಟು. ದಿನಾ ಐದೂವರೆಗೆ ಗೋಡೆಯಾಚೆ ಆ ಹುಡುಗ ಉಗುಳು ನುಂಗಿ ಬಂಗಾರ ಎನ್ನುತ್ತಾನೆ. ನನ್ನ ತಣ್ಣನೆಯ ಒಲೆಯ ಮುಂದೆ ಕೂತು ಅದೇ ತಡೆ ಹಾಕಿ ಎಷ್ಟೋ ಸಲ ಹೇಳಿ ನೋಡಿದ್ದೇನೆ. ತಡೆ ಬರುತ್ತದೆ, ನಾಚಿಕೆ ಬರುವುದಿಲ್ಲ.

ಕಳೆದ ವಾರ ಐದೂವರೆಯಾದರೂ ಗೋಡೆಯಾಚೆ ಸದ್ದಿಲ್ಲ. ಆರಾಯಿತು, ಇಲಿಯೂ ಕೂಗಿತು. ಬಾಗಿಲು ತಟ್ಟಿದರು. ದೊರೆಸ್ವಾಮಿ.

“ಅಮ್ಮಾವ್ರಿಗೆ ನೆಗಡಿ. ಗಂಟ್ಲು ಪೂರ್ತಿ ಕಟ್ಟೋಗಿದೆ, ಪಿಟ್ ಅಂತಿಲ್ಲ” ಎಂದರು. ಕೈ ಹಿಸುಕಿಕೊಂಡರು. “ನಿಮ್ಮನ್ನ ಕರೀಬೇಡ ಅಂತ ಸ್ಲೇಟಲ್ಲಿ ಬರೆದು ತೋರಿಸಿದ್ರು. ಆದ್ರೂ ಬಂದೆ. ಹಿಟ್ಟು ಉಬ್ಬಿ ಕೂತಿದೆ ಸ್ವಾಮಿ, ಹಿಟ್ಟೇನ್ ಪಾಪ ಮಾಡಿತ್ತು?”

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದೆ. ಓಡುತ್ತಾ ಗಂಟಲು ಸರಿಮಾಡಿಕೊಂಡೆ. ಈ ಸಲ ಏನೂ ಸೇರಿಸುವುದಿಲ್ಲ, ಎಳ್ಳಿನಷ್ಟೇ, ಎಳ್ಳಿಗಿಂತಲೂ ಕಡಿಮೆ. ಬೇಕರಿಯ ಮುಂದೆ ಹತ್ತು ಹದಿನೈದು ಜನ ಚೀಲ ಹಿಡಿದು ನಿಂತಿದ್ದರು. ಕಿಟಕಿ ತೆರೆದಿತ್ತು. ಒಳಗೆ ಮಂದಾ ಮಫ್ಲರ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು, ಮುಂದೆ ಸಾಲು ಸಾಲು ಟ್ರೇಗಳಲ್ಲಿ ಉಬ್ಬಿ ಅಂಚು ಮೀರುತ್ತಿದ್ದ ಹಿಟ್ಟು. ಇನ್ನು ಅರ್ಧ ಗಂಟೆಯಾದರೆ ಎಲ್ಲ ಹುಳಿ.

“ಬಂದ್ರಲ್ಲ ತ್ಯಾಗಣ್ಣ” ಎಂದರು ಯಾರೋ. “ನೀವೇ ಒಂದ್ಸಲ ಕರೀಬಾರ್ದಾ? ಮಕ್ಳು ಸ್ಕೂಲಿಗೆ ಹೋಗ್ಬೇಕು.”

ಯಾರೂ ನಗುತ್ತಿರಲಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡು, ಉಸಿರು ಒಳಗೆ ಎಳೆದುಕೊಂಡು, ಬಾಯಿ ತೆರೆದೆ.

ಮಂದಾ ನನ್ನನ್ನು ನೋಡಿದಳು. ಎದ್ದಳು. ಭಟ್ಟಿಯ ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಎಳೆದು, ಅದಕ್ಕೆ ಕೇಳಿಸದ ಹಾಗೆ ಮುಚ್ಚಿ, ಚಿಲಕ ಹಾಕಿದಳು.